ಖಾಡಿಯಾಚೆಯ ಮೂಲೆ

"ಇನ್ನೀಟು ಬಿಗಿ ಜಗ್ಗ್ರಿ ಅಯ್ನೋರ, ವಾಲಾಕತ್ತಾರ," ಅಂದಳು ಗೌರಮ್ಮ.

ಹಿರೇಮಠ ಅಯ್ಯನವರು ಹೆಣದ ಎದೆಗೆ ಸುತ್ತಿದ ಶಾಲಿನ ತುದಿಯನ್ನು ಕಿಟಕಿಯ ಸರಳಿಗೆ ಜಗ್ಗಿ ಕಟ್ಟಿದರು. ಮಲ್ಲಿಕಾರ್ಜುನಪ್ಪನ ಬೆನ್ನು ಗೋಡೆಗೆ ಹತ್ತಿತು. ಪ್ರಾಣ ಹೋದದ್ದು ಬೆಳಗಿನ ಐದಕ್ಕೆ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ. ಮೈ ಮೆತ್ತಗಿರುವಾಗಲೇ ಜಳಕ ಮಾಡಿಸಿ, ಕಾಲು ಮಡಿಚಿ ಕೂಡಿಸದಿದ್ದರೆ ಆಮೇಲೆ ಹೆಣ ಮಾತು ಕೇಳುವುದಿಲ್ಲ. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸಿ ಕಳಿಸುವ ಪದ್ಧತಿಯಿಲ್ಲ. ಕೂಡಿಸಿಯೇ ಒಯ್ಯಬೇಕು, ಕೂಡಿಸಿಯೇ ಮಣ್ಣು ಕೊಡಬೇಕು. ಗೌರಮ್ಮ ಗಂಡನ ಹಣೆಗೆ ವಿಭೂತಿ ಬಳಿದಳು. ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟು ಒಂದೊಂದೇ ಬೆರಳು ಮಡಿಚಿದಳು. ಸೂರತ್ತಿನ ಮೇ ತಿಂಗಳು. ಆರೂವರೆಗೇ ಅವಳ ಕುಪ್ಪಸ ಬೆನ್ನಿಗೆ ಅಂಟಿತ್ತು.

"ಮಣ್ಣು ಎಲ್ಲಿ ಕೊಡೂದವ್ವಾ?" ಅಯ್ಯನವರು ಮೆಲ್ಲಗೆ ಕೇಳಿದರು. ಅವರು ವಿಮಾ ಕಚೇರಿಯ ಗುಮಾಸ್ತರು. ಗದಗ ಸೀಮೆಯಿಂದ ಬಂದ ಹತ್ತು ಮನೆಗಳಿಗೆ ಈ ಊರಲ್ಲಿ ಗುರು, ಹಿರಿಯ, ಎಲ್ಲ ಅವರೇ.

"ಎಲ್ಲಿ ಅಂದ್ರ? ನಮ್ಮ ಕೂಸು ಪೂರ್ವಿ ಬಾಜೂಕ."

ಅಯ್ಯನವರು ಗಂಟನ್ನು ಮತ್ತೊಮ್ಮೆ ಮುಟ್ಟಿ ನೋಡಿದರು. "ಅದು ಈಗ ಮಕ್ಕಳಾಡೂ ಬಾಗ ಆಗೇತಲ್ಲವ್ವ."

"ಗೊತ್ತೈತ್ರಿ. ಕಾರ್ಪೊರೇಟರ್ ಧನಸುಖಭಾಯಿ ಬರ್ಲಿ. ಕೂತ ಮನಷ್ಯಾಗ ಎಷ್ಟು ಜಾಗ ಬೇಕು? ಎರಡು ಹೆಜ್ಜಿ. ಇವ್ರು ಆತನ ಸಲುವಾಗಿ ದುಡಿದಿದ್ದಕ್ಕ ಅಷ್ಟು ಕೊಡ್ಲಿಕ್ಕಿಲ್ಲೇನು?"

ಹೊರಕೋಣೆಯಲ್ಲಿ ಮಗ ಅನಿಲ ಫೋನಿನಲ್ಲಿ ಗುಜರಾತಿಯಲ್ಲಿ ಯಾರಿಗೋ ಹನ್ನೊಂದೂವರೆ, ಹನ್ನೊಂದೂವರೆ ಎಂದು ಹೇಳುತ್ತಿದ್ದ. ಅದು ಯಾತರ ಹನ್ನೊಂದೂವರೆ ಎಂದು ಗೌರಮ್ಮ ಕೇಳಲಿಲ್ಲ. ಕೇಳಬೇಕಿತ್ತು.

*

ಮಲ್ಲಿಕಾರ್ಜುನಪ್ಪ ಉಧನಾ ಸ್ಟೇಶನ್ನಿನ ಗೂಡ್ಸ್ ಶೆಡ್ಡಿನಲ್ಲಿ ಮೂವತ್ತು ವರ್ಷ ಚೀಟಿ ಬರೆದವನು. ಬಾಯಿಸತ್ತ ಮನುಷ್ಯ. ರೈಲಿನಲ್ಲಿ ತನ್ನ ಸೀಟಿನಲ್ಲಿ ಬೇರೆಯವರು ಕೂತಿದ್ದರೆ ನಿಂತೇ ಮುಂಬಯಿ ಮುಟ್ಟುವ ಜಾತಿ. ನಾಲ್ಕು ವರ್ಷದ ಹಿಂದೆ, ಪ್ಲೇಗಿನ ವರ್ಷ, ಅರ್ಧ ಊರು ರೈಲು ಹತ್ತಿ ಓಡಿತು. ಓಡುವವರ ಗಂಟುಮೂಟೆಗೆ ಚೀಟಿ ಬರೆಯುತ್ತ ಈತ ಉಳಿದ. ಇನ್ನೊಬ್ಬ ಉಳಿದವನು ವಾರ್ಡಿನ ಕಾರ್ಪೊರೇಟರ್ ಧನಸುಖಭಾಯಿ. ಸುಳ್ಳು ಯಾಕೆ ಹೇಳಬೇಕು, ಆ ಮನುಷ್ಯ ಮೊಣಕಾಲುದ್ದ ಗಟಾರಿನಲ್ಲಿ ಸಲಿಕೆ ಹಿಡಿದು ನಿಂತಿದ್ದನ್ನು ಗೌರಮ್ಮ ಕಣ್ಣಾರೆ ನೋಡಿದ್ದಳು.

ಆಗ ಇವರು ವಾಸವಿದ್ದ ಹೌಸಿಂಗ್ ಸೊಸೈಟಿಯ ಗೇಟಿಗೆ ಒಂದು ಕರೀಹಲಗೆ ಬಂತು. ಧನಸುಖಭಾಯಿ ಹೇಳುವುದು, ಮಲ್ಲಿಕಾರ್ಜುನಪ್ಪ ಬರೆಯುವುದು. ಕಸದ ಗಾಡಿ ಎಷ್ಟಕ್ಕೆ, ನೀರು ಎಷ್ಟಕ್ಕೆ, ಯಾರ ಮನೆಯಲ್ಲಿ ಮದುವೆ, ಈ ವಾರ ಎಷ್ಟು ಸಸಿ. ಮೇಲ್ಗಡೆ ಬಿಸಿಲಿನ ಡಿಗ್ರಿ. ಅದಕ್ಕಾಗಿ ಬಾಲ್ಕನಿಯಲ್ಲಿ ಒಂದು ಥರ್ಮಾಮೀಟರ್ ತೂಗಿತು. ಅಹಮದಾಬಾದಿನಲ್ಲಿ ಪರಿಸರದ ಸಭೆಗೆ ಹೋಗಿಬಂದ ಮೇಲಂತೂ ಧನಸುಖಭಾಯಿಗೆ ಭೂಮಿ ಬಿಸಿಯಾಗುತ್ತಿದೆ ಎಂಬುದೊಂದೇ ಮಾತು. ಮಲ್ಲಿಕಾರ್ಜುನಪ್ಪ ಗುಜರಾತಿ ಕಲಿತದ್ದು ಗೋಣಿಚೀಲಗಳ ಮೇಲಿನ ಅಕ್ಷರ ನೋಡಿ. ಅವನ ಕೈಯಲ್ಲಿ ಆ ಅಕ್ಷರಗಳಿಗೂ ಕನ್ನಡದ ಸುರುಳಿ ಬಾಲ ಬರುತ್ತಿತ್ತು. ಸೊಸೈಟಿಯವರು ನಗುತ್ತಿದ್ದರು, ಆದರೂ ಓದುತ್ತಿದ್ದರು.

ಒಮ್ಮೆ ಮಾತ್ರ ಅವನು ತನ್ನದೊಂದು ಸಾಲು ಸೇರಿಸಿದ. ಪಾಂಡೇಸರಾದ ಬಣ್ಣದ ಗಿರಣಿಗಳ ಕಡೆಯಿಂದ ಬರುವ ಹಳ್ಳ, ಇಲ್ಲಿಯವರ ಬಾಯಲ್ಲಿ ಖಾಡಿ, ಸೊಸೈಟಿಯ ಹಿಂದೆಯೇ ಹರಿಯುತ್ತದೆ. "ಇಂದು ಖಾಡಿಯ ನೀರು: ನೇರಳೆ" ಎಂದು ಬರೆದ. ಧನಸುಖಭಾಯಿ ನಗುತ್ತಲೇ ಕರವಸ್ತ್ರದಿಂದ ಒರೆಸಿದ. "ನಾವು ಮಾಡಿದ್ದನ್ನು ಬರೆಯಿರಿ ಕಾಕಾ. ಅವರು ಮಾಡಿದ್ದನ್ನು ಅವರು ಬರೆದುಕೊಳ್ಳಲಿ."

ಅಂದಿನಿಂದ ಆ ಸಾಲು ಹಲಗೆಗೆ ಹೋಗಲಿಲ್ಲ. ಸಂಜೆ ಚಪ್ಪಲಿ ಬಿಡುತ್ತ ಹೆಂಡತಿಗೆ ಹೇಳುವನು: "ಇವತ್ತು ಕೆಂಪು, ಗೌರೀ." ಅಷ್ಟೇ.

ಆ ಖಾಡಿಯ ಆಚೆ ದಂಡೆಯಲ್ಲಿ, ಒಂದು ಮೂಲೆಯಲ್ಲಿ, ಈ ಹತ್ತು ಮನೆಯವರ ಐದು ಸಮಾಧಿಗಳಿದ್ದವು. ಒಂದು ಪೂರ್ವಿಯದು. ಐದು ವರ್ಷದ ಕೂಸು, ಮೂರು ದಿನದ ಜ್ವರಕ್ಕೆ ಹೋದದ್ದು. ಎರಡು ವರ್ಷದ ಹಿಂದೆ ಹಲಗೆಯ ಮೇಲೆ ಬಂತು: "ಖಾಡಿಯಾಚೆಯ ಪಾಳುಜಾಗದಲ್ಲಿ ಹಸಿರು ಬಾಗ." ಪಾಳುಜಾಗ ಎಂದು ಧನಸುಖಭಾಯಿ ಹೇಳಿದ, ಪೂರ್ವಿಯ ಅಪ್ಪ ಬರೆದ. ಮೂಲೆಯಲ್ಲಿ ನಮ್ಮವು ಕೆಲವು ಕಲ್ಲುಗಳಿವೆ ಎಂದನಂತೆ. ಮೂಲೆ ಬಿಡೋಣ ಕಾಕಾ ಎಂದು ಧನಸುಖಭಾಯಿ ಅಂದನಂತೆ. ಬಾಗ ಮುಗಿದಾಗ ಆ ಮೂಲೆಯಲ್ಲಿ ಸಿಮೆಂಟಿನ ಛತ್ರಿಯೊಂದು ಎದ್ದಿತ್ತು, ಕೆಳಗೆ ಸುತ್ತಲೂ ಕಟ್ಟೆ. ಗೌರಮ್ಮ ಒಂದು ತಿಂಗಳು ಗಂಡನ ಜೊತೆ ಮಾತು ಬಿಟ್ಟಳು. ಅವನು ದಿನಾ ಸಂಜೆ ಹೋಗಿ ಆ ಕಟ್ಟೆಯ ಮೇಲೆ ಕೂತು ಬರುತ್ತಿದ್ದ.

*

ಒಂಬತ್ತಕ್ಕೆ ಧನಸುಖಭಾಯಿ ಬಂದ. ಹೆಣದ ಮುಂದೆ ಮೊಣಕಾಲೂರಿ ಅತ್ತ. ನಾಟಕದ ಅಳುವಲ್ಲ ಅದು, ಮೂಗು ಸೋರುವ ಅಳು. ಹೀಗೆ ಅಳುವವನು ಇಲ್ಲ ಅನ್ನಲಾರ ಅಂದುಕೊಂಡಳು ಗೌರಮ್ಮ.

ಅವನು ಕಣ್ಣೊರೆಸಿಕೊಂಡು ಹಿಂದಿಯಲ್ಲಿ ಕೇಳಿದ: "ಕಾಕಾನನ್ನು ಯಾಕೆ ಕೂಡಿಸಿದ್ದೀರಿ? ಕೊನೆಗೆ ಉಸಿರಾಟದ ತೊಂದರೆ ಇತ್ತೇ?"

ಗೌರಮ್ಮ ತನ್ನ ಹರಕು ಹಿಂದಿಯಲ್ಲಿ ಹೇಳಿದಳು: "ನಮ್ಮಲ್ಲಿ ಸುಡೋದಿಲ್ಲ, ಭಾಯಿ. ಕೂಡಿಸಿ ಹೂಳ್ತೀವಿ."

ಧನಸುಖಭಾಯಿ ಹೆಣದ ಮುಖ ನೋಡಿದ, ಅವಳ ಮುಖ ನೋಡಿದ. "ನಾಲ್ಕು ವರ್ಷ ದಿನಾ ಒಟ್ಟಿಗೆ ಚಹಾ ಕುಡಿದೆವು. ಒಂದು ದಿನ ಹೇಳಲಿಲ್ಲವಲ್ಲ ಕಾಕಾ."

ಅದು ನಿಜವಾಗಿತ್ತು. ನಾಲ್ಕು ವರ್ಷ ನೀನು ಕೇಳಲೂ ಇಲ್ಲವಲ್ಲ ಎಂಬುದೂ ನಿಜವೇ. ಆದರೆ ಅಷ್ಟು ಹಿಂದಿ ಅವಳ ಬಾಯಿಗೆ ಆ ಹೊತ್ತಿಗೆ ಬರಲಿಲ್ಲ.

ಧನಸುಖಭಾಯಿ ಹಿಂದೆ ಕೈ ಚಾಚಿದ. ಅವನ ಜೊತೆಯವನೊಬ್ಬ ಹಸಿರು ರಟ್ಟಿನ ಪ್ರತಿಜ್ಞೆಯ ಪುಸ್ತಕ ಕೊಟ್ಟ. ಮೊದಲ ಪುಟ, ಮೊದಲ ಸಾಲು. ಸತ್ತ ಮೇಲೆ ನನ್ನ ದೇಹಕ್ಕೆ ಕಟ್ಟಿಗೆ ಬೇಡ, ಗ್ಯಾಸಿನ ಚಿತಾಗಾರಕ್ಕೆ ಒಯ್ಯಿರಿ. ಕೆಳಗೆ ಸುರುಳಿ ಬಾಲದ ಸಹಿ.

ಗೌರಮ್ಮನಿಗೆ ಆ ಸಹಿ ಹೊಸದಲ್ಲ. ಎಂಟು ತಿಂಗಳ ಹಿಂದೆ, ಧನಸುಖಭಾಯಿ ವಾರ್ಡಿಗೆ ತಂದ ಚಿತಾಗಾರ ಉದ್ಘಾಟನೆಯಾದ ದಿನ, ಗಂಡ ಮನೆಗೆ ಬಂದು ತಾನೇ ಹೇಳಿದ್ದ. ಒಂದು ಹೆಣಕ್ಕೆ ಮುನ್ನೂರು ಕಿಲೋ ಕಟ್ಟಿಗೆ, ಅಂದರೆ ಒಂದು ಮರ ಎಂದು ಹಲಗೆಯ ಮೇಲೆ ಬರೆದವನದೇ ಮೊದಲ ಸಹಿ ಎಂದರಂತೆ. "ನಲವತ್ತು ಮಂದಿ ಮುಂದ ಪೆನ್ನು ಕೈಯಾಗ ಕೊಟ್ಟ, ಗೌರೀ. ಹೆಂಗ ಒಲ್ಲೆ ಅನ್ನೂದು?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದ್ದಳು: "ದಾಕ್ಷಿಣ್ಯಕ್ಕ ಬಸುರಾದ್ರ ಹೆರಾಕ ಜಾಗ ಇಲ್ಲಂತ. ನಿಮ್ಮದು ಅದ ಕತಿ."

"ಕಾಗದ ಅದು. ಸತ್ತ ಮ್ಯಾಲ ಯಾರು ಹಿಡಕೊಂಡು ಕುಂದರ್ತಾರ?" ಎಂದು ನಕ್ಕಿದ್ದ.

ಈಗ ಹಿಡಿದುಕೊಂಡು ಕೂತವನು ಎದುರಿಗೇ ಇದ್ದ. "ಎಂಟು ತಿಂಗಳಾಯಿತು, ಕಾಕಿ. ಒಂದು ಹೆಣ ಬಂದಿಲ್ಲ. ಗ್ಯಾಸಿನಲ್ಲಿ ಸುಟ್ಟರೆ ಗತಿ ಇಲ್ಲ ಅನ್ನುತ್ತಾರೆ ಜನ. ಕಾಕಾ ಹೋದರೆ ವಾರ್ಡೇ ಹಿಂದೆ ಬರುತ್ತದೆ. ಪತ್ರಿಕೆಯವರು ಹನ್ನೊಂದೂವರೆಗೆ ಬರುತ್ತಾರೆ."

"ಫೆಬ್ರವರಿಯಲ್ಲಿ ನಿಮ್ಮ ತಾಯಿ ಹೋದರು. ಅವರನ್ನು ಯಾಕೆ ಒಯ್ಯಲಿಲ್ಲ?"

ಧನಸುಖಭಾಯಿ ತಲೆ ತಗ್ಗಿಸಿದ. "ಅಣ್ಣಂದಿರು ಒಪ್ಪಲಿಲ್ಲ, ಕಾಕಿ."

"ನಾನೂ ಒಪ್ಪೋದಿಲ್ಲ. ಬಾಗದ ಮೂಲೆಯಲ್ಲಿ ನನ್ನ ಮಗಳಿದ್ದಾಳೆ. ಅಲ್ಲಿ ಎರಡು ಹೆಜ್ಜೆ ಕೊಡು. ಮೇಲೆ ಕಲ್ಲಿಡೋದಿಲ್ಲ. ಹುಲ್ಲು ಹಚ್ಚು ಬೇಕಾದರೆ."

ಅವನು ಪುಸ್ತಕ ಮುಚ್ಚಿದ. ಆಮೇಲೆ ನಿಧಾನವಾಗಿ, ಕಾಯಿಲೆಯವರಿಗೆ ಹೇಳುವಂತೆ ಹೇಳಿದ: "ಅಲ್ಲಿ ಮಕ್ಕಳು ಆಡುತ್ತವೆ, ಕಾಕಿ. ಕಾಗದದಲ್ಲಿ ಅದು ಯಾವತ್ತೂ ಸ್ಮಶಾನವಲ್ಲ, ಪಾಳುಜಾಗ. ಕಾಕಾ ತಾನೇ ಬರೆದದ್ದಲ್ಲವೇ?"

ಗೌರಮ್ಮ ಮಗನ ಕಡೆ ತಿರುಗಿದಳು. ಅನಿಲನಿಗೆ ಹಜೀರಾದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು ಇದೇ ಧನಸುಖಭಾಯಿಯ ಶಿಫಾರಸು ಚೀಟಿಯಿಂದ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಅವ್ವಾ, ಪಪ್ಪಾಂದೇ ಸೈನ್ ಐತಲ್ಲ. ಅವ್ರದೇ ಇಚ್ಛಾ. ಪ್ಲೀಸ್, ತಮಾಶಾ ಬ್ಯಾಡ."

"ಅಯ್ನೋರ, ನೀವರ ಹೇಳ್ರಿ."

ಅಯ್ಯನವರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. "ಊರಿಗೆ ಒಯ್ಯೂದಂದ್ರ ಎರಡು ದಿನದ ದಾರಿ, ತಂಗೀ. ಈ ಬಿಸಿಲಾಗ ಹೆಣ ತಡಿಯಂಗಿಲ್ಲ. ಇಲ್ಲಿ ಬ್ಯಾರೆ ಜಾಗ ನನಗೂ ಗೊತ್ತಿಲ್ಲ." ಧ್ವನಿ ತಗ್ಗಿಸಿ, "ಕಾರ್ಪೊರೇಟರ್ ಮ್ಯಾಲ ನಾವು ಹತ್ತು ಮನಿಯವ್ರು ಏನು ಮಾಡಾಕ ಆಗ್ತೈತಿ?" ಅಂದರು.

ಅವಳು ಮತ್ತೆ ಯಾರನ್ನೂ ಕೇಳಲಿಲ್ಲ.

ನಾಲ್ವರು ಬಿದಿರಿನ ಚಟ್ಟ ತಂದರು. ಶಾಲಿನ ಗಂಟು ಬಿಚ್ಚಿದರೂ ಮಲ್ಲಿಕಾರ್ಜುನಪ್ಪ ವಾಲಲಿಲ್ಲ. ಆರು ತಾಸಿನಲ್ಲಿ ಮೈ ಕಟ್ಟಿಗೆಯಾಗಿತ್ತು. ಎತ್ತಿ ಚಟ್ಟದ ಮೇಲಿಟ್ಟರೆ ಮಡಿಚಿದ ಕಾಲಿನೊಂದಿಗೆ ಹಾಗೇ ಕೂತ. ಕುಲುಮೆಯ ಬಾಯಿ ಇಷ್ಟೇ ಎತ್ತರ, ಹೀಗೆ ಹೋಗುವುದಿಲ್ಲ ಎಂದು ಒಬ್ಬ ಮೊಣಕೈ ಅಳತೆ ತೋರಿಸಿದ. ಹುಟ್ಟಿದಂದಿನಿಂದ ಯಾರಿಗೂ ಒಲ್ಲೆ ಅನ್ನದವನು ಸತ್ತ ಮೇಲೆ ಅಂದಿದ್ದ. ಕೇಳುವವರು ಬೇಕಲ್ಲ.

ಅಯ್ಯನವರು ಬಗ್ಗಿ ಅವನ ಎಡಗೈಯ ಬೆರಳು ಬಿಡಿಸಿ ಲಿಂಗ ತೆಗೆದರು. "ಮಣ್ಣಾಗ ಜೋಡಿ ಹೋಗಬೇಕಾದ್ದು ಇದು. ಬೆಂಕ್ಯಾಗ ಕಳಸಾಕ ನನ್ನ ಕೈಲೆ ಆಗೂದಿಲ್ಲ, ತಂಗೀ," ಎಂದು ಗೌರಮ್ಮನ ಕೈಯಲ್ಲಿಟ್ಟರು.

ಇಬ್ಬರು ತೊಡೆ ಒತ್ತಿ ಹಿಡಿದರು, ಇನ್ನಿಬ್ಬರು ಕಾಲು ಎಳೆದರು. ಅನಿಲ ಹೊರಗೆ ಹೋದ. ಗೌರಮ್ಮ ಹೋಗಲಿಲ್ಲ. ಮೊದಲು ಎಡ ಮೊಣಕಾಲು ಬಿಟ್ಟುಕೊಂಡಿತು, ಆಮೇಲೆ ಬಲದ್ದು. ಎರಡರ ಸಪ್ಪಳವನ್ನೂ ಅವಳು ಕೇಳಿದಳು.

*

ಸಂಜೆ ಬಂದವರೆಲ್ಲ ಹೋದ ಮೇಲೆ ಅವಳು ಅಡುಗೆಮನೆಯಿಂದ ರೊಟ್ಟಿ ತಿರುವುವ ಸೌಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಗೇಟಿನ ಹಲಗೆಯ ಮೇಲೆ ಯಾರದೋ ಹೊಸ ಅಕ್ಷರವಿತ್ತು. ಇಪ್ಪತ್ತೈದು ವರ್ಷದ ಅಂಗಡಿ ಬೋರ್ಡುಗಳು ಕಲಿಸಿದಷ್ಟು ಗುಜರಾತಿಯಲ್ಲಿ ಕೂಡಿಸಿ ಓದಿದಳು. ಇಂದಿನ ಬಿಸಿಲು ನಲವತ್ನಾಲ್ಕು. ಇಂದು ವಾರ್ಡಿನಲ್ಲಿ ಉಳಿಸಿದ ಮರ ಒಂದು. ಕೆಳಗೆ ಮಲ್ಲಿಕಾರ್ಜುನಪ್ಪನ ಹೆಸರು ಜಾಗ ಸಾಲದೆ ಅರ್ಧಕ್ಕೆ ನಿಂತಿತ್ತು.

ಖಾಡಿ ದಾಟುವಾಗ ಕೆಳಗೆ ನೋಡಿದಳು. ಹಸಿರು. ಹೇಳಲು ಯಾರೂ ಇರಲಿಲ್ಲ.

ಬಾಗದಲ್ಲಿ ಮಕ್ಕಳು ಜಾರುಬಂಡೆಯ ಹತ್ತಿರ ಕೂಗಾಡುತ್ತಿದ್ದವು. ಸಿಮೆಂಟಿನ ಛತ್ರಿಯ ಕಟ್ಟೆಗೂ ಹೂವಿನ ಸಾಲಿಗೂ ನಡುವೆ ಒಂದು ಗೇಣು ಮಣ್ಣು ಬಿಟ್ಟಿದ್ದರು. ಮಗಳ ತಲೆ ಇತ್ತಕಡೆ, ಕಾಲು ಅತ್ತಕಡೆ ಎಂದಲ್ಲ. ಅವಳನ್ನೂ ಕೂಡಿಸಿಯೇ ಇಟ್ಟಿದ್ದರು, ಮಡಿಲಲ್ಲಿ ಕೂಡಿಸಿದ ಹಾಗೆ. ಗೌರಮ್ಮ ಬಲಮುಷ್ಟಿಯಲ್ಲಿ ಲಿಂಗ ಹಿಡಿದು ಎಡಗೈಯಿಂದ ಅಗೆಯತೊಡಗಿದಳು. ನೀರುಣಿಸಿದ ಮಣ್ಣು, ಸೌಟಿಗೆ ಸುಲಭವಾಗಿ ಬಂತು. ನಾಲ್ಕು ಬೆರಳು ಆಳವಾಯಿತು, ಗೇಣಾಯಿತು.

ಸೀಟಿ ಊದುತ್ತ ವಾಚಮನ್ ಬಂದ. ವಯಸ್ಸಾದವನು, ಸಭ್ಯ. "ಮಾಜೀ, ಇಲ್ಲಿ ಹಾಗೆ ಮಾಡುವಂತಿಲ್ಲ. ಬೋರ್ಡು ನೋಡಲಿಲ್ಲವೇ?"

ಅವನು ಬೆತ್ತದಿಂದ ತೋರಿಸಿದ ಕಡೆ ನೋಡಿದಳು. ಕಬ್ಬಿಣದ ಕಂಬದ ಮೇಲೆ ಹಸಿರು ತಗಡು, ಬಿಳಿ ಬಣ್ಣದ ಮೂರು ಸಾಲು. ಓದುವ ಮೊದಲೇ ಯಾರ ಕೈಬರಹ ಎಂದು ಗೊತ್ತಾಯಿತು. ಪ್ರತಿ ಅಕ್ಷರದ ಬಾಲವೂ ಗದಗಿನ ಸುರುಳಿ ಸುತ್ತಿತ್ತು.

ಆದರೂ ಓದಿದಳು, ಒಂದೊಂದೇ ಅಕ್ಷರ ಕೂಡಿಸಿ, ತುಟಿ ಅಲುಗಿಸುತ್ತ. ಹೂ ಕೀಳಬಾರದು. ಉಗುಳಬಾರದು. ನೆಲ ಅಗೆಯಬಾರದು.

ವಾಚಮನ್ ಬೆತ್ತ ಊರಿಕೊಂಡು ಕಾಯುತ್ತ ನಿಂತಿದ್ದ. ಗೌರಮ್ಮ ಎಡಗೈಯಿಂದ ಮಣ್ಣನ್ನು ಕುಳಿಗೆ ವಾಪಸು ಎಳೆದಳು, ಅಂಗೈಯಿಂದ ತಟ್ಟಿ ಸಮ ಮಾಡಿದಳು. ಬಲಗೈಯ ಮುಷ್ಟಿ ಮಾತ್ರ ಬಿಚ್ಚಲಿಲ್ಲ.