ಬೋರಕ್ಕನ ಮೂಗು

"ಇದ್ಯಾವುದು ಬೋರಕ್ಕ? ಮೂಸಿ ಹೇಳು."

ಗುಜರಿ ಅಂಗಡಿಯ ಯರ್ರಪ್ಪ ಸೀರೆ ಕವರಿನ ತುಂಡೊಂದಕ್ಕೆ ಬೆಂಕಿ ತಾಗಿಸಿ, ಆರಿಸಿ, ಹೊಗೆಯಾಡುತ್ತಿದ್ದಂತೆಯೇ ಅವಳ ಮೂಗಿನ ಹತ್ತಿರ ಹಿಡಿದ.

ಬೋರಕ್ಕ ಆ ಅಂಗಡಿಯಲ್ಲಿ ಹದಿನೈದು ವರ್ಷದಿಂದ ಪ್ಲಾಸ್ಟಿಕ್ ಆರಿಸುತ್ತಿದ್ದವಳು. ಹಾಲಿನ ಕವರು, ಎಣ್ಣೆ ಡಬ್ಬಿ, ಒಡೆದ ಕೊಡ, ಇವಕ್ಕೆಲ್ಲ ಕಣ್ಣೇ ಸಾಕು. ತಲೆನೋವೆಲ್ಲ ಮೊಳಕಾಲ್ಮೂರಿನಿಂದ ಬರುವ ಸೀರೆ ಕವರುಗಳದ್ದು. ನೋಡಲಿಕ್ಕೆ ಎಲ್ಲವೂ ಒಂದೇ, ತಿಳಿನೀರಿನ ಹಾಗೆ. ಸುಟ್ಟರೆ ಮೇಣದಬತ್ತಿಯ ವಾಸನೆ ಬರುವಂಥದ್ದು ಕರಗಿ ಮತ್ತೆ ಮಾಲಾಗುತ್ತದೆ. ಘಾಟು ಹೊಡೆಯುವಂಥದ್ದು ನಾಲ್ಕು ಚೂರು ಸೇರಿದರೂ ಮಿಷಿನ್ನಿನಲ್ಲಿ ಲೋಡಿಗೆ ಲೋಡೇ ಹಾಳು. ಅದನ್ನು ಹೇಳಬಲ್ಲ ಮೂಗು ಇಡೀ ಚಳ್ಳಕೆರೆಗೆ ಇದೊಂದೇ ಎಂದು ಯರ್ರಪ್ಪನೇ ಕಂಡಕಂಡವರ ಮುಂದೆ ಹೊಗಳುತ್ತಿದ್ದ.

ಆ ಮೂಗು ಯುಗಾದಿಯ ಹೊತ್ತಿಗೇ ಸತ್ತಿತ್ತು. ಹೊಗೆ ಕುಡಿದೂ ಕುಡಿದೂ ಗಂಟಲೂ ಮೊದ್ದಾಗಿತ್ತು. ಒಲೆಯ ಮೇಲೆ ಸಾರು ಸೀದು ತಳ ಹಿಡಿದ ದಿನ ಬೋರಕ್ಕನಿಗೆ ಅದು ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಯರ್ರಪ್ಪ ಕೂರಿಸಿಕೊಂಡು ಅನ್ನ ಹಾಕುತ್ತಾನೆಯೇ? ಅಂದಾಜಿನ ಮೇಲೆಯೇ ಕವರು ವಿಂಗಡಿಸುತ್ತ ಬಂದಳು. ನಿನ್ನೆ ಫ್ಯಾಕ್ಟರಿಯಿಂದ ಲೋಡು ವಾಪಸ್ ಬಂತು. ಕರಗುವುದು, ಕರಗದ್ದು ಎರಡರ ತುಂಡುಗಳನ್ನೂ ಫ್ಯಾಕ್ಟರಿಯವರು ಗುರುತು ಮಾಡಿ ಕೊಟ್ಟಿದ್ದರು; ಯಾವುದು ಯಾವುದೆಂದು ಯರ್ರಪ್ಪನಿಗೆ ಮಾತ್ರ ಗೊತ್ತಿತ್ತು.

"ಹೇಳಕ್ಕ. ಬೆರಸಿರೋಳು ನೀನೋ ಗೀತಮ್ಮನೋ ಈಗ್ಲೇ ಗೊತ್ತಾಗ್ಲಿ. ತಪ್ಪು ಮಾಡಿದೋರು ಮನೆಗೆ."

ಗೀತಮ್ಮ ಪಕ್ಕದ ಮನೆಯವಳು. ಗಂಡ ಬಿಟ್ಟುಹೋದ ಮೇಲೆ ಬೋರಕ್ಕನೇ ಕರೆತಂದು ಕೆಲಸ ಕಲಿಸಿದ್ದಳು. ಈಗ ಗೀತಮ್ಮ ಎದುರಿಗೆ ಗೋಣಿಚೀಲದ ಮೇಲೆ ಕೂತಿದ್ದಳು.

ಬೋರಕ್ಕ ಉಸಿರೆಳೆದುಕೊಂಡಳು. ಏನೂ ಇಲ್ಲ. ಬರೀ ಬಿಸಿ ಗಾಳಿ. ಅಯ್ಯೋ ಶಿವನೇ, ಮುಗಿಯಿತು ಎಂದುಕೊಂಡಳು.

ಅಷ್ಟರಲ್ಲಿ ಗೀತಮ್ಮ ಕೆಮ್ಮಿದಳು. ಸೆರಗನ್ನು ಮೂಗಿಗೆ ಒತ್ತಿಕೊಂಡು ಮತ್ತೊಮ್ಮೆ ಕೆಮ್ಮಿದಳು.

"ಘಾಟು," ಎಂದಳು ಬೋರಕ್ಕ. "ಇದು ಕರಗಲ್ಲ. ಆಚೆ ಎಸಿ."

"ನೋಡ್ದಾ! ನಿನ್ನ ಮೂಗು ನೆಟ್ಟಗೈತೆ," ಯರ್ರಪ್ಪ ತುಂಡನ್ನು ಬೀದಿಗೆ ಬಿಸಾಕಿದ. "ಅಂದ್ಮೇಲೆ ಇನ್ಯಾರು? ಏಳಮ್ಮ ಗೀತಮ್ಮ, ನಾಳೆಯಿಂದ ಬರಬ್ಯಾಡ."

ಬೋರಕ್ಕ ತಲೆ ತಗ್ಗಿಸಿ ಕಾಲ ಬಳಿಯ ಕವರುಗಳನ್ನು ಒಟ್ಟುಮಾಡತೊಡಗಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಕೈ ನಿಲ್ಲಿಸಲಿಲ್ಲ.

ಗೀತಮ್ಮ ಬುತ್ತಿ ಡಬ್ಬಿ ಎತ್ತಿಕೊಂಡು ಅವಳ ಪಕ್ಕದಲ್ಲೇ ಹಾದುಹೋದಳು. "ಸಾರು ಸೀದ ವಾಸನೆ ಅವತ್ತು ನಮ್ಮನೇಗೂ ಬಂದಿತ್ತು ಬಿಡಕ್ಕ," ಎಂದಳು, ಯರ್ರಪ್ಪನಿಗೆ ಕೇಳದಷ್ಟು ಮೆಲ್ಲಗೆ.

ಮಧ್ಯಾಹ್ನ ಮತ್ತೊಂದು ಮೂಟೆ ಸೀರೆ ಕವರು ಬಂದು ಬಿತ್ತು. ಬೋರಕ್ಕ ಒಂದನ್ನೆತ್ತಿ ತುದಿಗೆ ಕಡ್ಡಿ ಗೀರಿದಳು. ಹೊಗೆ ಎದ್ದಿತು. ಕವರನ್ನು ಕೈಯಲ್ಲೇ ಹಿಡಿದುಕೊಂಡು, ಎದುರಿನ ಖಾಲಿ ಗೋಣಿಚೀಲವನ್ನೇ ನೋಡುತ್ತ ಕೂತಳು.