ಒಲಿಬಂದ್ ಔತಣ

"ನಿನ್ನ ಮಗ ಹೋಗಿ ಆ ದೇವಿದಾಸನ ಮನಿ ಒಲಿಗಿ ಕೊಡ ನೀರ ಸುರದಾನ" ಎಂದು ನೆರೆಮನೆಯ ಕಾಂತಾಬಾಯಿ ಏದುಸಿರು ಬಿಡುತ್ತ ಬಂದಳು. ಮದುವೆ ಮನೆಯ ಹಿತ್ತಲಲ್ಲಿ ಬದನೆಕಾಯಿ ಹೆಚ್ಚುತ್ತಿದ್ದ ಸುಮನಬಾಯಿಯ ಕೈ ಅಲ್ಲೇ ನಿಂತಿತು.

"ಉರಿಯೋ ಒಲಿಗಾ?"

"ಮತ್ತ? ಆರಿದ ಒಲಿಗಿ ಯಾರರ ನೀರ ಹಾಕತಾರ?"

ಒಲೆಗೆ ನೀರು ಸುರಿಯುವುದೆಂದರೆ ಸಾವಿನ ಮನೆಯ ಲಕ್ಷಣ. ಸುಮನಬಾಯಿ ತಲೆಯ ಮೇಲೆ ಕೈ ಹೊತ್ತು ಕೂತಳು. ಮಗನ ಈ ಕೆಲಸವೂ ಹೋದಂತೆಯೇ.

ಮಗ ದತ್ತಾತ್ರಿಗೆ ಹದಿನಾರು. ಮುಖ ನೋಡಿ ಮಾತಾಡುವವನಲ್ಲ, ಹೇಳಿದ್ದನ್ನು ಮಾತ್ರ ಕೂದಲೆಳೆಯಷ್ಟೂ ತಪ್ಪದೆ ಮಾಡುವವನು. ಹುಮನಾಬಾದಿನ ಹೋಟೆಲಿನಲ್ಲಿ "ಚಾ ಕುಡದವ್ರನ್ನ ಕೂಡಸಬ್ಯಾಡ, ಎಬ್ಬಸು" ಅಂದಿದ್ದಕ್ಕೆ ಪೊಲೀಸ್ ಠಾಣೆಯ ಅಮೀನಸಾಹೇಬರ ರಟ್ಟೆ ಹಿಡಿದು ಎಬ್ಬಿಸಿದ್ದ. ಅರಿವೆ ಅಂಗಡಿಯಲ್ಲಿ "ಬಣ್ಣ ಹೋಗ್ತದೇನಪಾ?" ಎಂದವಳಿಗೆ "ಹೋಗ್ತದ" ಎಂದಿದ್ದ. ತಾನು ಕಣ್ಣು ಮುಚ್ಚಿದರೆ ಇವನಿಗೆ ರೊಟ್ಟಿ ಕೊಡುವವರಾರು ಎಂಬುದೊಂದೇ ವಿಧವೆ ತಾಯಿಯ ಚಿಂತೆ. ಅಷ್ಟರಲ್ಲಿ ಕಲ್ಯಾಣದ ಅವರ ಓಣಿಯಲ್ಲಿ ಮನೆಮನೆಗೆ ಔತಣ ಹೇಳುತ್ತಿದ್ದ ಮುದುಕನ ಮೊಣಕಾಲು ಹಿಡಿದುಕೊಂಡಿತು. ಸುಮನಬಾಯಿ ಈ ಮದುವೆ ಮನೆಯ ಯಜಮಾನ ಲಾಲಪ್ಪನನ್ನು ಕಾಡಿ ಬೇಡಿ, ಅವನ ಮಗಳ ಮದುವೆಯ ಔತಣ ಹೇಳಲು ಮಗನನ್ನು ಹಚ್ಚಿದ್ದಳು. ಇದೊಂದು ನೆಟ್ಟಗಾದರೆ ಓಣಿಯ ಮದುವೆ ಮುಂಜಿಯೆಲ್ಲ ಅವನದೇ.

"ಒಂದೂ ಮನಿ ಬಿಡಬ್ಯಾಡ, ಎಲ್ಲಾರಿಗೂ ಒಲಿಬಂದ್ ಹೇಳು" ಎಂದಿದ್ದ ಲಾಲಪ್ಪ. ಅಂದರೆ ಆ ದಿನ ಒಲೆ ಹೊತ್ತಿಸದೆ ಮುದುಕಿಯಿಂದ ಕೂಸಿನವರೆಗೆ ಎಲ್ಲರೂ ಊಟಕ್ಕೆ ಬರಬೇಕು. ಯಾವ ಮನೆ ಬಿಡಬೇಕೆಂಬುದು ಮುದುಕನಿಗಾದರೆ ಹೇಳದೆಯೇ ಗೊತ್ತಿರುತ್ತಿತ್ತು. ದೇವಿದಾಸ ಲಾಲಪ್ಪನ ಒಡಹುಟ್ಟಿದ ಅಣ್ಣ. ಹೋದ ವರ್ಷ ರಜಾಕಾರರ ಗದ್ದಲದಲ್ಲಿ ತಮ್ಮನಿಗೊಂದು ಮಾತೂ ಹೇಳದೆ ಹೆಂಡಿರು ಮಕ್ಕಳನ್ನು ಬಂಡಿಗೆ ಹೇರಿಕೊಂಡು ಸೊಲ್ಲಾಪುರ ಸೇರಿ, ಗದ್ದಲ ಮುಗಿದ ಮೇಲೆ ಓಣಿಗೆ ಮರಳಿದ್ದ. ಅಂದಿನಿಂದ ಅಣ್ಣತಮ್ಮರ ಮಾತುಕತೆ ಬಂದ್. ದತ್ತಾತ್ರಿ ಅವನಿಗೂ ಔತಣ ಹೇಳಿ ಬಂದಿದ್ದ. ಇವತ್ತು ಬೆಳಿಗ್ಗೆ ಯಾರ ಒಲೆ ಉರಿಯುತ್ತಿದೆ ಎಂದು ನೋಡಲೂ ಹೊರಟಿದ್ದ.

ಒದ್ದೆ ಧೋತರದಲ್ಲೇ ಚಪ್ಪರಕ್ಕೆ ಬಂದ ದತ್ತಾತ್ರಿಯ ಮೇಲೆ ಲಾಲಪ್ಪ ಹರಿಹಾಯ್ದ.

"ಆ ಮನಿಗಿ ನಿನ್ನ ಯಾರ ಕಳಿಸಿದ್ರಲೇ?"

"ನೀವು. ಒಂದೂ ಮನಿ ಬಿಡಬ್ಯಾಡ ಅಂದ್ರಿ."

"ನೀರ್ಯಾಕ ಸುರದಿ?"

"ಒಲಿ ಬಂದ್ ಇದ್ದಿಲ್ರಿ."

ಯಾರೋ ಕಿಸಕ್ಕೆಂದರು. ಸುಮನಬಾಯಿಗೆ ನೆಲ ಬಾಯಿ ಬಿಡಬಾರದೆ ಎನಿಸಿತು.

"ಇನ್ನ ಮ್ಯಾಲ ಈ ಓಣ್ಯಾಗ ನೀ..." ಎಂದ ಲಾಲಪ್ಪ ಅಷ್ಟಕ್ಕೇ ನಿಂತ. ದೇವಿದಾಸ ಬಂದಿದ್ದ. ಹಿಂದೆ ಹೆಂಡತಿ ದ್ರೌಪತಿ, ಸೀರೆಗೆಲ್ಲ ಬೂದಿ. ಅವಳ ಹಿಂದೆ ಮಕ್ಕಳು.

"ಮನ್ಯಾಗ ಒಂದ ರೊಟ್ಟೀನೂ ಆಗಿಲ್ಲ. ಹುಡುಗೂರು ಹಸದಾವ" ಎಂದು ದೇವಿದಾಸ ಚಪ್ಪರದ ಕಂಬಕ್ಕೆ ಹೇಳಿ, ಪಂಕ್ತಿಯಲ್ಲಿ ಕೂತೇಬಿಟ್ಟ.

ಎಲೆ ಹಾಕಿದರು. ಬಡಿಸುವವರು ಲಾಲಪ್ಪನ ಮುಖ ನೋಡುತ್ತ ನಿಂತರು. ದೇವಿದಾಸ ತಲೆ ಎತ್ತದೆ, "ಲಾಲೂ, ಉಪ್ಪ ಹಾಕು" ಎಂದ. ಹಾಗೆ ಕರೆಯುವವರು ಈಗ ಬೇರೆ ಯಾರೂ ಉಳಿದಿರಲಿಲ್ಲ.

ಲಾಲಪ್ಪ ಉಪ್ಪಿನ ಬಟ್ಟಲು ತಾನೇ ಹಿಡಿದು ಬಗ್ಗಿದ. ನೆಟ್ಟಗಾದ ಮೇಲೆ, "ಸುಮನಕ್ಕ, ನಾಳಿಗಿ ಪೂಜಾ ಅದ. ನಿನ್ನ ಮಗಾನೇ ಹೇಳಿ ಬರಲಿ. ಕೊಡ ಮಾತ್ರ ಬ್ಯಾಡ" ಎಂದ.

ಸುಮನಬಾಯಿಗೆ ಅಳು ಬಂತು. ಸೆರಗು ಬಾಯಿಗೊತ್ತಿಕೊಂಡಳು.

"ಇವ್ರಿಗಿ ಉಪ್ಪ ಬಂದಿಲ್ರಿ" ಎಂದ ದತ್ತಾತ್ರಿ, ಪಂಕ್ತಿಯನ್ನು ತೋರಿಸುತ್ತ. ಲಾಲಪ್ಪ ಬಟ್ಟಲು ಹಿಡಿದು ಅಣ್ಣನ ಎಲೆಯ ಮುಂದೆಯೇ ನಿಂತಿದ್ದ. ಉಳಿದವರು ಉಪ್ಪಿಲ್ಲದ ಎಲೆಯ ಮುಂದೆ ಕಾಯುತ್ತಿದ್ದರು.