ಮೆಟ್ಟಿಲ ಕಂಬಿ ಕಿತ್ತು ಬಂದಾಗ

ಮಹಡಿಯ ಮೆಟ್ಟಿಲಿಗೆ ಹೊಸ ಕಬ್ಬಿಣದ ಕಂಬಿ ಹಾಕಿಸಿ ಇನ್ನೂ ಇಪ್ಪತ್ತು ದಿನವೂ ಆಗಿರಲಿಲ್ಲ. ಟೈಲರಮ್ಮ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಇಳಿಯುತ್ತ ಅದನ್ನು ಹಿಡಿದಳು. ಕಂಬಿ ಗೋಡೆಯಿಂದ ಕಿತ್ತು ಕೈಗೇ ಬಂತು. ಉರುಳಿ ಬಿದ್ದ ಅವಳ ಬಲಗೈ ಮುರಿಯಿತು. ಆರು ವಾರ ಕತ್ತರಿ ಮುಟ್ಟಬೇಡಿ ಎಂದರು ಡಾಕ್ಟರು.

"ನಮ್ಮನೇಲಿ ನಾವೇ ಬಿದ್ರೆ ಯಾರನ್ನ ಕೇಳೋದು? ನಮ್ಮ ಗ್ರಹಚಾರ," ಎಂದ ಬಸ್ ಓಡಿಸುವ ಗಂಡ. ಅವಳಿಗೂ ಹಾಗೇ ಅನ್ನಿಸಿತ್ತು. ನೋವಿಗಿಂತ ಹೆಚ್ಚಾಗಿ, ಸುಮ್ಮನೆ ನಿಂತ ಹೊಲಿಗೆ ಯಂತ್ರವೇ ಅವಳನ್ನು ಕಾಡುತ್ತಿತ್ತು.

ಮರುದಿನವೇ ಕಂಬಿ ಹಾಕಿದ್ದ ಮೇಸ್ತ್ರಿ ಓಡಿಬಂದ. "ಅಯ್ಯೋ ಅಕ್ಕಾ, ಎಂಥಾ ಕೆಲ್ಸ ಆಗೋಯ್ತು! ಈ ಕಿತ್ತೋಗಿರೋ ಕಂಬಿ ತಗೊಂಡ್ಹೋಗಿ ಹೊಸದು ಪುಕ್ಕಟೆ ಹಾಕ್ಕೊಡ್ತೀನಿ. ಇಲ್ಲೊಂದು ಸೈನ್ ಹಾಕ್ಬಿಡಿ, ಸಾಕು."

"ಸೈನ್ ಹಾಕೋ ಕೈನೇ ಮುರಿದಿದ್ಯಲ್ಲಪ್ಪಾ," ಎಂದಳು ಟೈಲರಮ್ಮ.

"ಹೆಬ್ಬೆಟ್ಟಾದ್ರೂ ಪರವಾಗಿಲ್ಲ."

ಅಷ್ಟರಲ್ಲಿ ಅವಳನ್ನು ನೋಡಲು ಪಕ್ಕದ ಮನೆಯಾಕೆ ಬಂದಳು. ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಅವಳದು. ಕಾಗದವನ್ನು ಗಟ್ಟಿಯಾಗಿ ಓದಿದಳು: "'ಇನ್ನು ನನ್ನ ತಕರಾರು ಏನೂ ಇರುವುದಿಲ್ಲ.' ಇದಕ್ಕಾ ಹೆಬ್ಬೆಟ್ಟು ಒತ್ತೋದು? ಮೇಸ್ತ್ರಿಗಳೇ, ಕಂಬಿ ಇಲ್ಲೇ ಇರ್ಲಿ. ಆಮೇಲೆ ಮಾತಾಡೋಣ."

ಮೇಸ್ತ್ರಿ ಮುಖ ಸಪ್ಪಗೆ ಮಾಡಿಕೊಂಡು ಹೊರಟ.

"ಅವ್ನು ಬೇಕೂಂತ ಬೀಳಿಸಿದ್ನಾ ಅಕ್ಕಾ?" ಗಂಡ ಕೇಳಿದ.

"ಬೇಕೂಂತ ಮಾಡಿರ್ಬೇಕಾಗಿಲ್ಲ. ನಿಮ್ಮ ಬಸ್ಸಿನ ಬ್ರೇಕ್ ಅರೆಬರೆ ರಿಪೇರಿ ಮಾಡಿ ಕಳ್ಸಿದ್ರೆ, ಗ್ರಹಚಾರ ಅಂತ ಸುಮ್ನಿರ್ತೀರಾ? ಜೋಪಾನವಾಗಿ ಮಾಡ್ಬೇಕಾದ ಕೆಲ್ಸ ಬೇಕಾಬಿಟ್ಟಿ ಮಾಡಿ ಪೆಟ್ಟಾದ್ರೆ, ಮಾಡಿದೋರು ಜವಾಬ್ದಾರರು. ಬಿದ್ದಿದ್ದು ನಿಮ್ಮನೇಲೇ ಆದ್ರೇನಂತೆ?"

ಅವನು ತಲೆ ಕೆರೆದುಕೊಂಡ. ಆಮೇಲೆ ತಾನೇ ಬಗ್ಗಿ ಬೋಲ್ಟುಗಳನ್ನು ನೋಡಿದ. ಒಂದೊಂದೂ ಬೆರಳಿನ ಒಂದು ಗೆಣ್ಣಿನಷ್ಟು. ಮೇಲಿನ ಸಿಮೆಂಟಿನಲ್ಲಷ್ಟೇ ಕೂತಿದ್ದವು, ಇಟ್ಟಿಗೆಯನ್ನು ಮುಟ್ಟಿರಲೇ ಇಲ್ಲ. "ಇದನ್ನ ನಂಬ್ಕೊಂಡು ನನ್ನ ಮಗಳು ದಿನಾ ಹತ್ತಿಳಿದಳಲ್ಲೇ!" ಎಂದ ಹೆಂಡತಿಯ ಕಡೆ ತಿರುಗಿ.

ಫೋನಿನಲ್ಲಿ ಫೋಟೋ ತೆಗೆದರು. ಡಾಕ್ಟರ ಚೀಟಿ, ಕೆಲಸಕ್ಕೆ ಕೊಟ್ಟ ರಸೀದಿ ಒಂದೆಡೆ ಇಟ್ಟರು. ಪರಿಹಾರ ಕೇಳಿ ಮೇಸ್ತ್ರಿಗೆ ಪತ್ರ ಕಳಿಸಿದರು. "ಕೆಲ್ಸ ಮುಗೀತು, ಇನ್ನು ನನಗೆ ಸಂಬಂಧ ಇಲ್ಲ" ಎಂದು ಅವನು ಹಾರಾಡಿದ. ಟೈಲರಮ್ಮ ಉಚಿತ ಕಾನೂನು ನೆರವು ಕೇಂದ್ರಕ್ಕೆ ಹೋದಳು. ಅಲ್ಲಿನವರು ಅವನನ್ನು ಕರೆಸಿ, ಇಬ್ಬರನ್ನೂ ಕೂರಿಸಿ ಫೋಟೋ ಮುಂದಿಟ್ಟಾಗ ಮಾತ್ರ ಅವನು ದಾರಿಗೆ ಬಂದ. ಚಿಕಿತ್ಸೆಯ ಖರ್ಚು, ಆರು ವಾರದ ದುಡಿಮೆ, ಎರಡನ್ನೂ ಕಟ್ಟಿಕೊಡಲು ಒಪ್ಪಿದ. ಹೊರಗೆ ಬಂದ ಮೇಲೆ, "ತಪ್ಪಾಯ್ತಕ್ಕಾ, ಆತುರದಲ್ಲಿ ಚಿಕ್ಕ ಬೋಲ್ಟು ಹಾಕ್ಬಿಟ್ಟೆ," ಎಂದ.

ಟೈಲರಮ್ಮ ಅವತ್ತು ಹಗುರವಾಗಿ ಮನೆಗೆ ನಡೆದಳು. ಬಿದ್ದದ್ದು ತನ್ನ ತಪ್ಪಲ್ಲ ಎಂದು ಗೊತ್ತಾದದ್ದೇ ಅವಳಿಗೆ ಅರ್ಧ ಗುಣವಾದಂತಿತ್ತು.

ನಿಮ್ಮ ಮನೆಯಲ್ಲೂ ಯಾರದೋ ಬೇಜವಾಬ್ದಾರಿ ಕೆಲಸದಿಂದ ಪೆಟ್ಟಾಯಿತೇ? ಮೊದಲು ಚಿಕಿತ್ಸೆ ಪಡೆಯಿರಿ. ಮುರಿದದ್ದನ್ನು ರಿಪೇರಿ ಮಾಡಿಸುವ ಮೊದಲು ಫೋಟೋ ತೆಗೆಯಿರಿ, ಚೀಟಿ ರಸೀದಿ ಜೋಪಾನ ಮಾಡಿ. ಯಾರು ಎಷ್ಟೇ ಅವಸರ ಮಾಡಿದರೂ, ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ. ತಡಮಾಡದೆ ಹತ್ತಿರದ ಕಾನೂನು ನೆರವು ಕೇಂದ್ರಕ್ಕೆ ಹೋಗಿ, ಆದದ್ದನ್ನು ಆದ ಹಾಗೇ ಹೇಳಿ. ಕೇಳುವುದು ಜಗಳವಲ್ಲ, ಅದು ನಿಮ್ಮ ಹಕ್ಕು.